ಮೂರನೆಯ ತರಗತಿಯ ಪ್ರಯಾಣಿಕ

ಮಹಾತ್ಮಾ ಗಾಂಧೀಜಿಯವರ ಹೆಸರನ್ನು ಎತ್ತಿದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವ ಚಿತ್ರಗಳು ಕೆಲವಿವೆ. ಚರಕದ ಮುಂದೆ ಕುಳಿತು ನೂಲುತ್ತಿರುವ ಚಿತ್ರ ಒಂದು. ಊರುಗೋಲು ಹಿಡಿದು ದಂಡಿಯ ಕಡಲತೀರದತ್ತ ನಡೆಯುತ್ತಿರುವ ಚಿತ್ರ ಇನ್ನೊಂದು. ಪ್ರಾರ್ಥನಾಸಭೆಯಲ್ಲಿ ಕಣ್ಣು ಮುಚ್ಚಿ ಕುಳಿತ ಚಿತ್ರ ಮತ್ತೊಂದು. ಇವುಗಳ ಜೊತೆಗೆ ಇರಿಸಬೇಕಾದ ನಾಲ್ಕನೆಯ ಚಿತ್ರವೊಂದುಂಟು. ರೈಲುಗಾಡಿಯ ಮೂರನೆಯ ತರಗತಿಯ ಡಬ್ಬಿಯಲ್ಲಿ, ಗಂಟುಮೂಟೆಗಳ ನಡುವೆ, ಕಾಲು ಚಾಚಲೂ ಎಡೆಯಿಲ್ಲದೆ ಕುಳಿತ ಗಾಂಧೀಜಿಯ ಚಿತ್ರ ಅದು. ಈ ದೇಶವನ್ನು ಅವರು ಅರಿತದ್ದು ಬಹುಮಟ್ಟಿಗೆ ಆ ಡಬ್ಬಿಯ ಮರದ ಹಲಗೆಯ ಮೇಲೆ ಕುಳಿತು. ಅವರ ಜೀವನವನ್ನು ಈ ಒಂದು ಹಾದಿಯಲ್ಲಿ ಹಿಂಬಾಲಿಸಿ ನೋಡುವುದೇ ಈ ಲೇಖನದ ಉದ್ದೇಶ.

ಮೋಹನದಾಸ ಕರಮಚಂದ ಗಾಂಧಿಯವರು ಹುಟ್ಟಿದುದು 1869ರ ಅಕ್ಟೋಬರ್ 2ರಂದು, ಕಾಠೇವಾಡದ ಪೋರಬಂದರಿನಲ್ಲಿ. ತಂದೆಯವರು ಸಂಸ್ಥಾನದ ದಿವಾನರಾಗಿದ್ದವರು. 1888ರಲ್ಲಿ ಇಂಗ್ಲೆಂಡಿಗೆ ತೆರಳಿದ ತರುಣ ಮೋಹನದಾಸರು 1891ರಲ್ಲಿ ಬ್ಯಾರಿಸ್ಟರಾಗಿ ಹಿಂದಿರುಗಿದರು. ಸ್ವದೇಶದಲ್ಲಿ ವಕೀಲಿ ಕೈಹತ್ತಲಿಲ್ಲ. 1893ರಲ್ಲಿ ದಾದಾ ಅಬ್ದುಲ್ಲಾ ಎಂಬ ವರ್ತಕರ ಮೊಕದ್ದಮೆಯೊಂದಕ್ಕಾಗಿ ದಕ್ಷಿಣ ಆಫ್ರಿಕಕ್ಕೆ ಹೋದರು. ಅಲ್ಲಿ ಅವರ ಬಾಳು ತಿರುಗಿದುದು ರೈಲಿನಲ್ಲಿಯೇ. ಆ ವರ್ಷದ ಜೂನ್ ತಿಂಗಳ ಒಂದು ರಾತ್ರಿ ಡರ್ಬನ್ನಿನಿಂದ ಪ್ರಿಟೋರಿಯಕ್ಕೆ ಮೊದಲನೆಯ ತರಗತಿಯ ಟಿಕೀಟು ಪಡೆದು ಹೋಗುತ್ತಿದ್ದ ಅವರನ್ನು, ಮೈಬಣ್ಣದ ಕಾರಣಕ್ಕಾಗಿ, ಮಾರಿಟ್ಸ್‌ಬರ್ಗ್ ಸ್ಟೇಷನ್ನಿನಲ್ಲಿ ಪೊಲೀಸಿನವನು ಕೈಹಿಡಿದು ಹೊರಕ್ಕೆ ನೂಕಿದನು. ಅಲ್ಲಿ ಅದು ಚಳಿಗಾಲ. ಮೇಲಂಗಿ ಸಾಮಾನಿನೊಳಗೆ ಉಳಿದಿದ್ದಿತು. ಅದನ್ನು ಕೇಳಿ ಮತ್ತೊಮ್ಮೆ ಅವಮಾನಕ್ಕೆ ಗುರಿಯಾಗಲು ಮನಸ್ಸೊಪ್ಪದೆ, ತಂಗುಕೋಣೆಯಲ್ಲಿ ನಡುಗುತ್ತ ರಾತ್ರಿಯನ್ನು ಕಳೆದರು. ಮರಳಿ ಊರಿಗೆ ಹೋಗುವುದೋ, ನಿಂತು ಹೋರಾಡುವುದೋ ಎಂಬ ಪ್ರಶ್ನೆಗೆ ಅವರು ಉತ್ತರ ಕಂಡುಕೊಂಡುದು ಆ ರಾತ್ರಿ. ಮುಂದೆ ಜೋಹಾನ್ಸ್‌ಬರ್ಗಿನಿಂದ ಪ್ರಿಟೋರಿಯಕ್ಕೆ ಮತ್ತೆ ಮೊದಲನೆಯ ತರಗತಿಯ ಟಿಕೀಟನ್ನೇ ಹಟ ಹಿಡಿದು ಪಡೆದು ಪ್ರಯಾಣ ಮಾಡಿದರು.

ಪರದೇಶದಲ್ಲಿ ಮೊದಲನೆಯ ತರಗತಿಗಾಗಿ ಹೋರಾಡಿದ ಈ ವ್ಯಕ್ತಿ ಸ್ವದೇಶದಲ್ಲಿ ಮೂರನೆಯ ತರಗತಿಯನ್ನು ಏಕೆ ಆರಿಸಿಕೊಂಡರು? ಅಲ್ಲಿದ್ದುದು ಹಕ್ಕಿನ ಪ್ರಶ್ನೆ. ಹಣ ಕೊಟ್ಟವನಿಗೆ ಚರ್ಮದ ಬಣ್ಣ ನೋಡಿ ಜಾಗ ಕೊಡುವುದು ಅನ್ಯಾಯವೆಂದು ತೋರಿಸಬೇಕಾಗಿದ್ದಿತು. ಇಲ್ಲಿದ್ದುದು ಕರ್ತವ್ಯದ ಪ್ರಶ್ನೆ. ತನ್ನ ನಾಡಿನ ಬಡವರು ಹೇಗೆ ಪ್ರಯಾಣ ಮಾಡುತ್ತಾರೆಂಬುದನ್ನು ಅವರ ಪಕ್ಕದಲ್ಲಿ ಕುಳಿತೇ ತಿಳಿಯಬೇಕಾಗಿದ್ದಿತು.

ಶುಚಿತ್ವದ ವಿಷಯದಲ್ಲಿ ಗಾಂಧೀಜಿಯವರ ಕಾಳಜಿ ಆ ವೇಳೆಗಾಗಲೇ ಬೇರೂರಿದ್ದಿತು. 1896ರಲ್ಲಿ ಅವರು ಸ್ವದೇಶಕ್ಕೆ ಬಂದಿದ್ದಾಗ ಮುಂಬಯಿಯಲ್ಲಿ ಪ್ಲೇಗು ಹುಟ್ಟಿಕೊಂಡಿತು. ರಾಜಕೋಟೆಯಲ್ಲಿ ಮುನ್ನೆಚ್ಚರಿಕೆಗಾಗಿ ಸಮಿತಿಯೊಂದು ಏರ್ಪಟ್ಟಾಗ ಅವರು ಅದನ್ನು ಸೇರಿ, ಬೀದಿಬೀದಿಯ ಪಾಯಖಾನೆಗಳನ್ನು ತಾವೇ ಹೊಕ್ಕು ನೋಡಿದರು. ಬಡವರು ಅಡ್ಡಿ ಹೇಳಲಿಲ್ಲ. ಹೇಳಿದ ಸುಧಾರಣೆಗಳನ್ನು ಮಾಡಿಕೊಂಡರು. ದೊಡ್ಡ ಮನೆಯವರು ಕೆಲವರು ಒಳಗೆ ಬಿಡಲೂ ಒಪ್ಪಲಿಲ್ಲ. ಅವರ ಪಾಯಖಾನೆಗಳೇ ಹೆಚ್ಚು ಹೊಲಸಾಗಿದ್ದವು. ಅಸ್ಪೃಶ್ಯರೆನಿಸಿಕೊಂಡವರ ಕೇರಿಗೆ ಹೋಗಲು ಸಮಿತಿಯಲ್ಲಿ ಅವರ ಜೊತೆಗೆ ಒಬ್ಬರು ಮಾತ್ರ ಸಿದ್ಧರಾದರು. ಅಲ್ಲಿ ಸಾರಿಸಿದ ನೆಲ, ಬೆಳಗಿದ ಪಾತ್ರೆಗಳನ್ನು ಕಂಡು ಗಾಂಧೀಜಿ ಸಂತೋಷಪಟ್ಟರು.

1901ರ ಡಿಸೆಂಬರಿನಲ್ಲಿ ಕಲ್ಕತ್ತೆಯಲ್ಲಿ ಕಾಂಗ್ರೆಸ್ಸಿನ ಅಧಿವೇಶನ ನಡೆಯಿತು. ಪ್ರತಿನಿಧಿಗಳಿಗೆ ಕಟ್ಟಿಸಿದ್ದ ಪಾಯಖಾನೆಗಳು ಸಾಲದಾಗಿದ್ದವು, ಇದ್ದವುಗಳಲ್ಲಿಯೂ ಕಾಲಿಡುವಂತಿರಲಿಲ್ಲ. ಗಾಂಧೀಜಿ ಸ್ವಯಂಸೇವಕರ ಗಮನ ಸೆಳೆದಾಗ, ಅದು ಝಾಡಮಾಲಿಯ ಕೆಲಸವೆಂಬ ಉತ್ತರ ಬಂದಿತು. ಅವರು ಒಂದು ಪೊರಕೆಯನ್ನು ಕೇಳಿ ಪಡೆದು ತಾವು ಬಳಸುವ ಪಾಯಖಾನೆಯನ್ನು ತಾವೇ ತೊಳೆದರು. ಎಲ್ಲವನ್ನೂ ತೊಳೆಯುವುದು ಒಬ್ಬರಿಂದಾಗುವ ಕೆಲಸವಾಗಿರಲಿಲ್ಲ. ಹಾಗೆ ಮಾಡಿದೆನೆಂದು ಅವರು ಎಂದೂ ಹೇಳಿಕೊಳ್ಳಲೂ ಇಲ್ಲ.

ಅಧಿವೇಶನ ಮುಗಿದ ಮೇಲೆ ಅವರು ಗೋಪಾಲಕೃಷ್ಣ ಗೋಖಲೆಯವರ ಜೊತೆಯಲ್ಲಿ ಒಂದು ತಿಂಗಳು ಇದ್ದು, 1902ರಲ್ಲಿ ರಾಜಕೋಟೆಗೆ ಹೊರಟರು. ದೇಶದ ಮೂರನೆಯ ತರಗತಿಯ ಪ್ರಯಾಣಿಕರ ಕಷ್ಟಸುಖಗಳನ್ನು ಅರಿಯಬೇಕೆಂಬ ಸಂಕಲ್ಪ ಮಾಡಿದುದು ಆಗಲೇ. ಗೋಖಲೆಯವರು ಮೊದಲು ನಕ್ಕರಂತೆ. ಕಾರಣ ತಿಳಿದ ಮೇಲೆ ಮನಸಾರೆ ಒಪ್ಪಿದರು. ಪ್ರಯಾಣದ ಸಿದ್ಧತೆಯೂ ಸರಳವೇ. ಗೋಖಲೆಯವರು ಒಂದು ಲೋಹದ ಊಟದ ಡಬ್ಬಿಯನ್ನು ಕೊಟ್ಟು ಅದರ ತುಂಬ ಲಾಡು ಪೂರಿಗಳನ್ನು ತುಂಬಿಸಿದರು. ಗಾಂಧೀಜಿ ಹನ್ನೆರಡಾಣೆಗೆ ಒಂದು ಕ್ಯಾನ್ವಾಸಿನ ಚೀಲವನ್ನೂ ಒರಟು ಉಣ್ಣೆಯ ಉದ್ದನೆಯ ಕೋಟನ್ನೂ ಕೊಂಡುಕೊಂಡರು. ಚೀಲದಲ್ಲಿ ಈ ಕೋಟು, ಒಂದು ಧೋತರ, ಒಂದು ಅಂಗವಸ್ತ್ರ, ಒಂದು ಅಂಗಿ. ಹೊದೆಯಲು ಒಂದು ಕಂಬಳಿ, ನೀರಿಗೆ ಒಂದು ತಂಬಿಗೆ. ಗೋಖಲೆಯವರೂ ರಸಾಯನ ವಿಜ್ಞಾನಿ ಡಾಕ್ಟರ್ ಪ್ರಫುಲ್ಲಚಂದ್ರ ರಾಯರೂ ಬೀಳ್ಕೊಡಲು ಸ್ಟೇಷನ್ನಿಗೆ ಬಂದರು. ಮೊದಲನೆಯ ತರಗತಿಯಲ್ಲಿ ಹೋಗುವುದಾಗಿದ್ದರೆ ತಾವು ಬರುತ್ತಿರಲಿಲ್ಲವೆಂದೂ ಈಗ ಬರಲೇಬೇಕಾಯಿತೆಂದೂ ಗೋಖಲೆಯವರು ಹೇಳಿದರಂತೆ. ರೇಷ್ಮೆಯ ರುಮಾಲು ಸುತ್ತಿದ್ದ ಗೋಖಲೆಯವರನ್ನು ಯಾರೂ ತಡೆಯಲಿಲ್ಲ. ಬಂಗಾಳಿ ಉಡುಪಿನಲ್ಲಿದ್ದ ರಾಯರನ್ನು ಟಿಕೀಟು ನೋಡುವವನು ಬಾಗಿಲಲ್ಲೇ ನಿಲ್ಲಿಸಿದನು. ತಮ್ಮ ಸ್ನೇಹಿತರೆಂದು ಗೋಖಲೆಯವರು ಹೇಳಿದ ಮೇಲೆ ಒಳಗೆ ಬಿಟ್ಟನು. ಉಡುಪು ನೋಡಿ ಮನುಷ್ಯನನ್ನು ತೂಗುವ ಈ ಪದ್ಧತಿಯ ರುಚಿ ಗಾಡಿ ಹೊರಡುವ ಮುನ್ನವೇ ಅವರಿಗೆ ತಿಳಿಯಿತು.

ಕಾಶಿ, ಆಗ್ರಾ, ಜಯಪುರ, ಪಾಲಣಪುರಗಳಲ್ಲಿ ಒಂದೊಂದು ದಿನ ತಂಗುತ್ತ ಅವರು ರಾಜಕೋಟೆ ತಲುಪಿದರು. ಪಾಲಣಪುರವೊಂದನ್ನು ಬಿಟ್ಟರೆ ಉಳಿದೆಡೆ ಸಾಮಾನ್ಯ ಯಾತ್ರಿಕರಂತೆ ಧರ್ಮಶಾಲೆಯಲ್ಲೋ ಪಂಡರ ಮನೆಯಲ್ಲೋ ವಸತಿ. ರೈಲಿನ ಖರ್ಚೂ ಸೇರಿ ಇಡೀ ಪ್ರಯಾಣಕ್ಕೆ 31 ರೂಪಾಯಿಗಳಿಗಿಂತ ಹೆಚ್ಚಾಗಲಿಲ್ಲವೆಂದು ಅವರ ನೆನಪು. ಆದರೆ ಕಂಡ ನೋಟ ಅವರನ್ನು ನೋಯಿಸಿತು. ಹೊಲಸು ತುಂಬಿದ ಡಬ್ಬಿಗಳು, ಮೂಗು ಮುಚ್ಚಿಕೊಳ್ಳಬೇಕಾದ ಕಕ್ಕಸುಗಳು, ನಿಯಮಕ್ಕೆ ಮೀರಿದ ಜನಸಂದಣಿ. ಕುರಿಗಳನ್ನು ತುಂಬುವಂತೆ ಮನುಷ್ಯರನ್ನು ತುಂಬುವ ರೀತಿ. ಯುರೋಪಿನಲ್ಲಿಯೂ ಅವರು ಮೂರನೆಯ ತರಗತಿಯಲ್ಲಿ ಸಂಚರಿಸಿದ್ದರು; ಅಲ್ಲಿ ಮೊದಲನೆಯದಕ್ಕೂ ಮೂರನೆಯದಕ್ಕೂ ಇಷ್ಟೊಂದು ಅಂತರ ಕಂಡಿರಲಿಲ್ಲ. ದಕ್ಷಿಣ ಆಫ್ರಿಕದ ಕೆಲವು ಭಾಗಗಳಲ್ಲಿ ಕರಿಯರು ಹೋಗುತ್ತಿದ್ದ ಮೂರನೆಯ ತರಗತಿಯಲ್ಲಿ ಕೂಡ ಮಲಗುವ ಸೌಕರ್ಯವೂ ಮೆತ್ತೆಯ ಆಸನವೂ ಇದ್ದವು.

1915ರ ಜನವರಿಯಲ್ಲಿ ನೆಲೆಯಾಗಿ ಸ್ವದೇಶಕ್ಕೆ ಬಂದ ಗಾಂಧೀಜಿ ಮುಂದಿನ ಕೆಲವು ವರ್ಷ ಬಹುಮಟ್ಟಿಗೆ ಮೂರನೆಯ ತರಗತಿಯಲ್ಲಿಯೇ ಸುತ್ತಿದರು. ಫೆಬ್ರವರಿಯಲ್ಲಿ ಗೋಖಲೆಯವರು ತೀರಿಕೊಂಡ ಸುದ್ದಿ ಬಂದಾಗ ಅವರು ಶಾಂತಿನಿಕೇತನದಲ್ಲಿದ್ದರು. ಕಸ್ತೂರಬಾ ಅವರೊಡನೆಯೂ ಬಂಧು ಮಗನಲಾಲರೊಡನೆಯೂ ಪುಣೆಗೆ ಹೊರಟರು. ಬರ್ದ್ವಾನಿನಲ್ಲಿ ಟಿಕೀಟಿನ ಕಿಟಕಿ ತೆರೆದೊಡನೆ ಬಲವಿದ್ದವನೇ ಮುಂದಾದನು. ತಳ್ಳಾಟದಲ್ಲಿ ಅವರಿಗೆ ಟಿಕೀಟು ಸಿಕ್ಕಿದುದು ಕಟ್ಟಕಡೆಗೆ. ಗಾಡಿಯಲ್ಲಿ ಜಾಗವಿಲ್ಲ. ಎಲ್ಲಿಯಾದರೂ ಹತ್ತಿ, ಇಲ್ಲವೆ ಮುಂದಿನ ಗಾಡಿಗೆ ಬನ್ನಿ ಎಂಬುದು ಗಾರ್ಡಿನ ಉತ್ತರ. ವಿಧಿಯಿಲ್ಲದೆ ಪತ್ನಿಯೊಡನೆ ಮಧ್ಯಮ ತರಗತಿಯ ಡಬ್ಬಿಗೆ ಹತ್ತಿದರು. ಅಸನ್ಸೋಲಿನಲ್ಲಿ ಅದೇ ಗಾರ್ಡು ಬಂದು ಪುಣೆಯವರೆಗಿನ ಹೆಚ್ಚಿನ ದರವನ್ನು ವಸೂಲು ಮಾಡಿದನು. ಬೆಳಿಗ್ಗೆ ಮೊಗಲ್‌ಸರಾಯಿಯಲ್ಲಿ ಮೂರನೆಯ ತರಗತಿಯಲ್ಲಿ ಜಾಗ ಸಿಕ್ಕಿದೊಡನೆ ಅವರು ಅಲ್ಲಿಗೆ ಬಂದರು. ಸುಮ್ಮನಿರದೆ ರೈಲ್ವೆ ಅಧಿಕಾರಿಗಳಿಗೆ ಬರೆದು, ಮೊಗಲ್‌ಸರಾಯಿಯಿಂದ ಮುಂದಿನ ದೂರಕ್ಕೆ ತೆತ್ತ ಹೆಚ್ಚಿನ ಹಣವನ್ನು ಹಿಂದಕ್ಕೆ ಪಡೆದರು. ಆ ಹಣ ದೊಡ್ಡದಲ್ಲ. ಅನ್ಯಾಯವಾದ ಕಡೆ ಬರೆದು ಕೇಳುವುದು ತಮ್ಮ ಕರ್ತವ್ಯವೆಂದು ಅವರು ಭಾವಿಸಿದ್ದರು.

ಅದೇ ಪ್ರಯಾಣದಲ್ಲಿ ಕಲ್ಯಾಣ ಜಂಕ್ಷನ್ನಿನಲ್ಲಿ ಇನ್ನೊಂದು ಸಣ್ಣ ಸಂಗತಿ ನಡೆಯಿತು. ಬಳಲಿ ಬಂದಿದ್ದ ಗಾಂಧೀಜಿಯೂ ಮಗನಲಾಲರೂ ಸ್ಟೇಷನ್ನಿನ ನೀರಿನ ನಲ್ಲಿಯಲ್ಲಿ ಸ್ನಾನ ಮಾಡಿದರು. ಕಸ್ತೂರಬಾ ಅವರಿಗೆ ಏನು ವ್ಯವಸ್ಥೆ ಎಂದು ನೋಡುತ್ತಿರುವಾಗ, ಗುರುತಿನ ಸಜ್ಜನರೊಬ್ಬರು ಅವರನ್ನು ಎರಡನೆಯ ತರಗತಿಯ ಸ್ನಾನದ ಕೋಣೆಗೆ ಕರೆದುಕೊಂಡು ಹೋಗುವುದಾಗಿ ಹೇಳಿದರು. ಮೂರನೆಯ ತರಗತಿಯ ಟಿಕೀಟು ಹೊಂದಿದವರಿಗೆ ಆ ಕೋಣೆಯ ಮೇಲೆ ಹಕ್ಕಿಲ್ಲವೆಂಬುದು ಗಾಂಧೀಜಿಗೆ ಗೊತ್ತು. ಗೊತ್ತಿದ್ದೂ ಸುಮ್ಮನಾದರು. ಸತ್ಯವನ್ನು ಪೂಜಿಸುವವನಿಗೆ ಇದು ತಕ್ಕುದಲ್ಲವೆಂದು, ಪತ್ನಿಯ ಮೇಲಿನ ಮೋಹ ತಮ್ಮ ಕಣ್ಣಿಗೆ ಪರದೆ ಕಟ್ಟಿತೆಂದು, ಎಷ್ಟೋ ವರ್ಷಗಳ ಮೇಲೆ ಆತ್ಮಕಥೆಯಲ್ಲಿ ಒಪ್ಪಿಕೊಂಡರು. ಬೇರೆಯವರ ತಪ್ಪನ್ನು ಎತ್ತಿ ತೋರಿಸಿದ ಅದೇ ಅಧ್ಯಾಯದಲ್ಲಿ ತಮ್ಮ ತಪ್ಪನ್ನೂ ಎಣಿಸಿ ಇಟ್ಟ ಈ ರೀತಿಯೇ ಅವರ ದೂರುಗಳಿಗೆ ತೂಕ ತಂದುದು.

ಅದೇ ವರ್ಷ ಹರಿದ್ವಾರದಲ್ಲಿ ಕುಂಭಮೇಳ. ದೀಪವಿಲ್ಲದ ಡಬ್ಬಿಗಳಲ್ಲಿ ಸಹಾರನಪುರದವರೆಗೆ ಬಂದ ಯಾತ್ರಿಕರನ್ನು ಅಲ್ಲಿಂದ ಮುಂದೆ ಸರಕಿನ ಬಂಡಿಗಳಲ್ಲಿ ತುಂಬಿ ಕಳುಹಿಸಿದರು. ಮೇಲೆ ಚಾವಣಿಯಿಲ್ಲ, ತಲೆಯ ಮೇಲೆ ಸುಡುವ ಬಿಸಿಲು, ಕಾಲ ಕೆಳಗೆ ಕಾದ ಕಬ್ಬಿಣ. ಆ ಬಂಡಿಯಲ್ಲಿ ಗಾಂಧೀಜಿಯೂ ಇದ್ದರು.

1917ರಲ್ಲಿ ಕರಾಚಿಯಿಂದ ಲಾಹೋರಿನ ಮಾರ್ಗವಾಗಿ ಕಲ್ಕತ್ತೆಗೆ ಹೋಗಬೇಕಾಗಿ ಬಂದಿತು. ಲಾಹೋರಿನಲ್ಲಿ ಗಾಡಿ ಬದಲಿಸಬೇಕು. ಎಲ್ಲಿಯೂ ಕಾಲಿಡಲು ಜಾಗವಿಲ್ಲ. ಹನ್ನೆರಡಾಣೆ ಕೊಟ್ಟರೆ ಜಾಗ ಮಾಡಿಕೊಡುವೆನೆಂದು ಕೂಲಿಯೊಬ್ಬ ಮುಂದೆ ಬಂದನು. ಗಾಡಿ ಹೊರಡುವ ಹೊತ್ತಿಗೆ ಅವರನ್ನು ಕಿಟಕಿಯ ಮೂಲಕ ಒಳಕ್ಕೆ ತೂರಿಸಿ ತನ್ನ ಹನ್ನೆರಡಾಣೆಯನ್ನು ಸಂಪಾದಿಸಿದನು. ಮೇಲಿನ ಹಲಗೆಯ ಸರಪಳಿಯನ್ನು ಹಿಡಿದು ಗಾಂಧೀಜಿ ಎರಡು ಗಂಟೆಗಳ ಕಾಲ ನಿಂತರು. ಮೇಲೆ ಉದ್ದಕ್ಕೆ ಮಲಗಿದ್ದವರು ಎದ್ದು ಜಾಗ ಕೊಡಲಿಲ್ಲ; ಬದಲಿಗೆ ಏಕೆ ಕುಳಿತುಕೊಳ್ಳುವುದಿಲ್ಲವೆಂದು ಇವರನ್ನೇ ಗದರಿಸಿದರು. ಕೊನೆಗೆ ಯಾರೋ ಹೆಸರು ಕೇಳಿದರು. ಹೆಸರು ಕೇಳಿದೊಡನೆ ನಾಚಿ ಕ್ಷಮೆ ಬೇಡಿ ಜಾಗ ಬಿಟ್ಟರು. ಗಾಂಧಿ ಎಂಬ ಹೆಸರಿಗೆ ಜಾಗ ದೊರೆಯಿತು. ಹೆಸರಿಲ್ಲದ ಬಡವನೊಬ್ಬ ಹಾಗೆ ನಿಂತಿದ್ದರೆ ಬೆಳಗಿನವರೆಗೂ ನಿಂತೇ ಇರಬೇಕಾಗುತ್ತಿದ್ದಿತು.

ಅದೇ ವರ್ಷದ ಸೆಪ್ಟೆಂಬರ್ 12ರಂದು ಅವರು ಮುಂಬಯಿಯಿಂದ ಮದ್ರಾಸಿಗೆ ಮೇಲ್ ಗಾಡಿಯಲ್ಲಿ ಹೊರಟರು. ದರ 13 ರೂಪಾಯಿ 9 ಆಣೆ. ಈ ಹಾದಿ ನಮ್ಮ ಕಲಬುರ್ಗಿ, ರಾಯಚೂರುಗಳ ಮೇಲೆ ಹಾದುಹೋಗುವುದು. 22 ಜನರಿಗೆಂದು ಬರೆದಿದ್ದ ಡಬ್ಬಿ. ಅಷ್ಟು ಜನ ಕುಳಿತುಕೊಳ್ಳಬಹುದು, ಮಲಗುವಂತಿಲ್ಲ. ಕಳೆಯಬೇಕಾದವು ಎರಡು ರಾತ್ರಿಗಳು. ರಾಯಚೂರಿನವರೆಗೆ ಹೇಗೋ ನಡೆಯಿತು. ಎರಡು ರೈಲು ಕಂಪನಿಗಳ ಹಾದಿಗಳು ಕೂಡುವ ಆ ಸ್ಟೇಷನ್ನಿನಿಂದ ಮುಂದೆ ನೂಕುನುಗ್ಗಲು ಸಹಿಸಲಾಗದಂತಾಯಿತು. ರಾತ್ರಿಯ ಬಹುಭಾಗ ಡಬ್ಬಿಯಲ್ಲಿದ್ದವರು 35 ಜನ. ಕೆಲವರು ಕಸದ ನಡುವೆ ನೆಲದ ಮೇಲೆಯೇ ಮಲಗಿದರು. ಕೆಲವರು ನಿಂತೇ ಇದ್ದರು. ಐದನೆಯ ರಾತ್ರಿಯನ್ನು ಗಾಡಿಯಲ್ಲಿ ಕಳೆಯುತ್ತಿದ್ದ ವ್ಯಾಪಾರಿಯೊಬ್ಬರು ಪ್ರತಿಭಟಿಸಿದಾಗ ಗಾರ್ಡಿನಿಂದ ಸಿಕ್ಕಿದುದು ಅವಮಾನ. ಹೊಡೆದಾಟವೊಂದು ಹಿರಿಯರ ಬುದ್ಧಿಮಾತಿನಿಂದ ತಪ್ಪಿತು. ಇಡೀ ಪ್ರಯಾಣದಲ್ಲಿ ಡಬ್ಬಿಯನ್ನು ಒಮ್ಮೆಯೂ ಗುಡಿಸಲಿಲ್ಲ. ಕಕ್ಕಸನ್ನು ತೊಳೆಯಲಿಲ್ಲ; ತೊಟ್ಟಿಯಲ್ಲಿ ನೀರೂ ಇರಲಿಲ್ಲ. ದಾರಿಯಲ್ಲಿ ದೊರೆತ ಚಹಾ ಕೆಸರುನೀರಿನಂತೆ. ತಿಂಡಿಗಳ ರುಚಿಯನ್ನು ನೊಣಗಳು ಮೊದಲೇ ನೋಡಿ ಮುಗಿಸಿದ್ದವು.

ಸೆಪ್ಟೆಂಬರ್ 25ರಂದು ರಾಂಚಿಯಿಂದ ಅವರು ಈ ಅನುಭವವನ್ನು ಪತ್ರಿಕೆಗಳಿಗೆ ಬರೆದು ಕಳುಹಿಸಿದರು. ದೇಶಕ್ಕೆ ಬಂದ ಎರಡೂವರೆ ವರ್ಷಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಅವರು ರೈಲಿನ ಮೂರನೆಯ ತರಗತಿಯಲ್ಲಿಯೇ ಕಳೆದಿದ್ದರು; ಆದುದರಿಂದ ಆ ಮಾತು ಒಂದು ದಿನದ ಸಿಟ್ಟಿನ ಮಾತಾಗಿರಲಿಲ್ಲ. ಮೊದಲನೆಯ ತರಗತಿಯ ದರ ಮೂರನೆಯದರ ಐದರಷ್ಟಕ್ಕಿಂತ ಸ್ವಲ್ಪ ಹೆಚ್ಚು. ಹಾಗಾದರೆ ಅಲ್ಲಿಯ ಸೌಕರ್ಯದ ಐದನೆಯ ಒಂದು ಭಾಗವಾದರೂ, ಕಡೆಗೆ ಹತ್ತನೆಯ ಒಂದು ಭಾಗವಾದರೂ ಇಲ್ಲಿ ದೊರೆಯುವುದೇ ಎಂದು ಲೆಕ್ಕ ಕೇಳಿದರು. ಬಡವರು ಕೊಟ್ಟ ಹಣದಿಂದ ಮೇಲಿನ ತರಗತಿಗಳ ಸುಖ ಬೆಳೆಯುತ್ತಿದೆಯೆಂದರು. ಆಗ ಮಹಾಯುದ್ಧ ನಡೆಯುತ್ತಿದ್ದಿತು. ಹೊಲಸಿಗೂ ಇಕ್ಕಟ್ಟಿಗೂ ಯುದ್ಧ ನೆಪವಾಗಲಾರದೆಂದರು. ಅವರು ಮುಂದಿಟ್ಟ ಸಲಹೆ ಬಹಳ ಸರಳವಾದುದು. ವೈಸರಾಯರೂ ದಂಡನಾಯಕರೂ ರಾಜಮಹಾರಾಜರೂ ಶಾಸನಸಭೆಯ ಸದಸ್ಯರೂ ಮುಂದಾಗಿ ತಿಳಿಸದೆ ಆಗಾಗ ಮೂರನೆಯ ತರಗತಿಯಲ್ಲಿ ಪ್ರಯಾಣ ಮಾಡಲಿ. ಸುಧಾರಣೆ ತಾನಾಗಿ ಬರುವುದು.

ಆದರೆ ಗಾಂಧೀಜಿ ಅಧಿಕಾರಿಗಳನ್ನು ಮಾತ್ರ ಬೈದು ಕೈತೊಳೆದುಕೊಳ್ಳಲಿಲ್ಲ. ತಪ್ಪು ಎರಡು ಕಡೆಯದೆಂದು ಅವರು ಮತ್ತೆ ಮತ್ತೆ ಬರೆದರು. ಹಣ್ಣಿನ ಸಿಪ್ಪೆಯನ್ನು ಕಾಲ ಕೆಳಗೆ ಎಸೆಯುವವರು, ಎಲೆಯಡಿಕೆ ಜಗಿದು ಇಡೀ ಡಬ್ಬಿಯನ್ನೇ ಪೀಕದಾನಿ ಮಾಡುವವರು, ಹೊತ್ತಿಲ್ಲ ಗೊತ್ತಿಲ್ಲ ಎನ್ನದೆ ಬೀಡಿ ಸೇದುವವರು, ಅರಚುವವರು, ಇಬ್ಬರ ಜಾಗದಲ್ಲಿ ಒಬ್ಬರೇ ಮಲಗುವವರು ಪ್ರಯಾಣಿಕರೇ ಹೊರತು ಅಧಿಕಾರಿಗಳಲ್ಲ. ಇದಕ್ಕೆ ಅವರು ಕಂಡ ಮದ್ದು ಒಂದೇ. ವಿದ್ಯಾವಂತರು ಮೂರನೆಯ ತರಗತಿಯಲ್ಲಿಯೇ ಪ್ರಯಾಣ ಮಾಡುವ ವ್ರತ ಹಿಡಿಯಬೇಕು. ಜೊತೆಯವರ ಅಭ್ಯಾಸಗಳನ್ನು ತಿದ್ದಬೇಕು. ಅಧಿಕಾರಿಗಳಿಗೆ ದೂರು ಬರೆಯುವುದನ್ನು ಬಿಡಬಾರದು. ತಮ್ಮ ಸುಖಕ್ಕಾಗಿ ಲಂಚ ಕೊಡಬಾರದು. ಯಾರು ನಿಯಮ ಮೀರಿದರೂ ಸಹಿಸಬಾರದು. ವಿದ್ಯೆ ಬಂದೊಡನೆ ಮೇಲಿನ ತರಗತಿಗೆ ಏರಿಹೋಗುವವನು ಕೆಳಗಿನದನ್ನು ಇದ್ದಂತೆಯೇ ಬಿಟ್ಟುಹೋಗುತ್ತಾನೆಂಬುದು ಈ ಮಾತಿನ ಸಾರ.

1918ರಲ್ಲಿ ಖೇಡಾ ಜಿಲ್ಲೆಯಲ್ಲಿ ತಿರುಗುತ್ತಿದ್ದಾಗ ಅವರು ಆಮಶಂಕೆಯಿಂದ ಹಾಸಿಗೆ ಹಿಡಿದು ಸಾವಿನ ಅಂಚಿಗೆ ಹೋಗಿ ಬಂದರು. ಆಮೇಲೆ ದೇಹ ಮೂರನೆಯ ತರಗತಿಯ ಪ್ರಯಾಣವನ್ನು ತಡೆಯದಾಯಿತು. ಕೆಲವು ವರ್ಷ ಅದನ್ನು ಬಹುಮಟ್ಟಿಗೆ ಬಿಡಬೇಕಾಯಿತು. ಮೂರನೆಯ ತರಗತಿಯವರ ಪರವಾದ ಚಳವಳಿ ಆಗತಾನೆ ಬಲಗೊಳ್ಳುತ್ತಿದ್ದಿತು. ಅಂತಹ ಹೊತ್ತಿನಲ್ಲಿ ತಾವು ಹಿಂದೆ ಸರಿಯಬೇಕಾಯಿತಲ್ಲ ಎಂಬ ನೋವೂ ನಾಚಿಕೆಯೂ ಅವರನ್ನು ಬಿಡಲಿಲ್ಲ. ಕಾಯಿಲೆಯ ಮನುಷ್ಯನಿಗೆ ಯಾರೂ ದೋಷ ಹೊರಿಸಲಾರರು. ಆದರೂ ಅವರು ಅದನ್ನು ಮರೆಮಾಡದೆ ಬರೆದಿಟ್ಟರು. ಮುಂದೆ ಮತ್ತೆ ಮೂರನೆಯ ತರಗತಿಗೇ ಮರಳಿದರು. ಆದರೆ ಅಷ್ಟರಲ್ಲಿ ಅವರು ಹೆಸರಿಲ್ಲದ ಪ್ರಯಾಣಿಕರಾಗಿ ಉಳಿದಿರಲಿಲ್ಲ. ಸ್ಟೇಷನ್ನು ಸ್ಟೇಷನ್ನಿನಲ್ಲಿ ಜನ ಮುತ್ತುತ್ತಿದ್ದರು; ಅವರ ತಂಡಕ್ಕಾಗಿ ಡಬ್ಬಿಯನ್ನು ಬೇರೆಯಾಗಿ ಕಾದಿರಿಸುವುದೂ ಉಂಟಾಯಿತು. ಲಾಹೋರಿನ ರಾತ್ರಿಯಲ್ಲಿ ಸರಪಳಿ ಹಿಡಿದು ನಿಂತಂತಹ ಅನುಭವ ಅವರಿಗೆ ಮತ್ತೆ ಸಿಕ್ಕುವಂತಿರಲಿಲ್ಲ.

1948ರ ಜನವರಿ 30ರಂದು ದೆಹಲಿಯಲ್ಲಿ ಅವರ ಕೊಲೆಯಾಯಿತು. ಫೆಬ್ರವರಿ 12ರಂದು ಅಲಹಾಬಾದಿನ ಸಂಗಮದಲ್ಲಿ ಅಸ್ಥಿಯನ್ನು ವಿಸರ್ಜಿಸಿದರು. ದೆಹಲಿಯಿಂದ ಅಲ್ಲಿಗೆ ಅಸ್ಥಿಕಲಶವನ್ನು ಒಯ್ದ ವಿಶೇಷ ಗಾಡಿಯ ಡಬ್ಬಿ ಮೂರನೆಯ ತರಗತಿಯದೇ. ಅವರ ಕೊನೆಯ ಪ್ರಯಾಣಕ್ಕೆ ಬೇರೆ ತರಗತಿ ಒಪ್ಪುತ್ತಿರಲಿಲ್ಲ.

ಮೂರನೆಯ ತರಗತಿ ಎಂಬ ಹೆಸರು 1974ರಲ್ಲಿ ನಮ್ಮ ರೈಲುಗಳಿಂದ ಅಳಿಸಿಹೋಯಿತು. ಮಲವು ನೇರವಾಗಿ ಹಳಿಯ ಮೇಲೆ ಬೀಳುತ್ತಿದ್ದ ಹಳೆಯ ಪಾಯಖಾನೆಗಳ ಬದಲು ಈಚಿನ ವರ್ಷಗಳಲ್ಲಿ ಜೈವಿಕ ಶೌಚಾಲಯಗಳು ಬಂದಿವೆ. ಡಬ್ಬಿಯ ಕೆಳಗಿನ ತೊಟ್ಟಿಯಲ್ಲಿ ಸೂಕ್ಷ್ಮಜೀವಿಗಳು ಮಲವನ್ನು ಕರಗಿಸಿ ನೀರು ಮತ್ತು ಅನಿಲವಾಗಿ ಮಾಡುತ್ತವೆ. ಹಳಿಗೂ, ಹಳಿಯನ್ನು ಕೈಯಿಂದ ಬಳಿಯಬೇಕಾಗಿದ್ದ ಮನುಷ್ಯರಿಗೂ ಇದೊಂದು ದೊಡ್ಡ ಬಿಡುಗಡೆ. ಆದರೆ ಅದೇ ಶೌಚಾಲಯದೊಳಗೆ ಪ್ರಯಾಣಿಕನು ಖಾಲಿ ಸೀಸೆಯನ್ನೋ ಗುಟ್ಕಾ ಪೊಟ್ಟಣವನ್ನೋ ಬಟ್ಟೆಯ ಚೂರನ್ನೋ ಎಸೆದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಆ ರಾತ್ರಿಯೆಲ್ಲ ಡಬ್ಬಿಯ ಜನ ಮೂಗು ಮುಚ್ಚಿಕೊಂಡು ಕೂರಬೇಕಾಗುತ್ತದೆ. ಒಳ್ಳೆಯ ಯಂತ್ರವನ್ನು ಕೊಡುವುದು ಆಡಳಿತದ ಕೆಲಸ. ಅದನ್ನು ಉಳಿಸಿಕೊಳ್ಳುವುದು ನಮ್ಮ ಕೆಲಸ. ತಪ್ಪು ಎರಡು ಕಡೆಯದೆಂದ ಗಾಂಧೀಜಿಯವರ ಮಾತು ಇನ್ನೂ ಹಳೆಯದಾಗಿಲ್ಲ.

ರಜೆಗೆ ಊರಿಗೆ ಹೊರಟಾಗ ಕಾದಿರಿಸದ ಡಬ್ಬಿಯ ಬಾಗಿಲಲ್ಲಿ ನೇತಾಡಿಕೊಂಡು ಹೋಗುವವರಲ್ಲಿ ನಮ್ಮ ಕಾಲೇಜಿನ ವಿದ್ಯಾರ್ಥಿಗಳೂ ಇದ್ದಾರೆ. ಆ ಡಬ್ಬಿಯಲ್ಲಿ ವಿದ್ಯಾವಂತರು ಇಲ್ಲವೆಂದು ಇಂದು ಯಾರೂ ಹೇಳುವಂತಿಲ್ಲ. ನಾವು ಅಲ್ಲಿದ್ದೇವೆ. ಅಲ್ಲಿದ್ದು ಕಡಲೆಕಾಯಿಯ ಸಿಪ್ಪೆಯನ್ನು ಎಲ್ಲಿ ಹಾಕುತ್ತೇವೆ, ನಿಂತಿರುವ ಮುದುಕಿಗೆ ಹೆಸರು ಕೇಳದೆಯೇ ಜಾಗ ಬಿಡುತ್ತೇವೆಯೇ, ನೀರಿಲ್ಲದ ಶೌಚಾಲಯವನ್ನು ಕಂಡು ಬೈದು ಸುಮ್ಮನಾಗುತ್ತೇವೆಯೇ ಅಥವಾ ಬರೆದು ತಿಳಿಸುತ್ತೇವೆಯೇ ಎಂಬುದನ್ನು ಪ್ರತಿಯೊಬ್ಬನೂ ಮುಂದಿನ ಪ್ರಯಾಣದಲ್ಲಿ ತನ್ನನ್ನು ತಾನೇ ಕೇಳಿಕೊಳ್ಳಲಿ. ಗಾಂಧೀ ಜಯಂತಿಯಂದು ಪಟಕ್ಕೆ ಹಾರ ಹಾಕುವುದಕ್ಕಿಂತ ಇದು ಕಷ್ಟದ ಕೆಲಸ. ಆದರೆ ಅವರಿಗೆ ಹೆಚ್ಚು ಪ್ರಿಯವಾಗುತ್ತಿದ್ದುದು ಇದೇ.